ಲಂಡನ್ನಿನಲ್ಲಿ ಸೀಟು, ಮಂಡ್ಯದಲ್ಲಿ ಸೈಟು

ಮಂಡ್ಯ: ಪೇಟೆಬೀದಿಯ ಒಂದು ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲೆ, ಗಣೇಶನ ಫೋಟೋ ಪಕ್ಕದಲ್ಲಿ, ನಾಲ್ಕು ಪುಟದ ಒಂದು ಕಾಗದ ಮಡಿಸಿ ಇಟ್ಟಿದೆ. ಹುಣಸೆಹಣ್ಣು ಕಟ್ಟಿಸಿಕೊಳ್ಳಲು ಬಂದವರಿಂದ ಹಿಡಿದು ಬೆಂಕಿಪೊಟ್ಟಣ ಕೇಳಲು ಬಂದವರವರೆಗೆ ಆ ಕಾಗದ ನೋಡದವರಿಲ್ಲ. ಓದಿದವರು ಮಾತ್ರ ಕಡಮೆ. ಇಂಗ್ಲಿಷಿನಲ್ಲಿದೆ. ಲಂಡನ್ನಿನಿಂದ ಬಂದದ್ದು.

"ಮಗಳಿಗೆ ಸೀಟು ಸಿಕ್ಕದೆ ಸ್ವಾಮಿ, ಎಲ್ಲೆಲ್ಲೆಮ್ಮು" ಎನ್ನುತ್ತಾರೆ ಮಾಲೀಕರು. ಹೇಳುವಾಗ ತಕ್ಕಡಿ ಒಂದು ಕ್ಷಣ ನಿಲ್ಲುತ್ತದೆ.

ಮಗಳಿಗೆ ಇಪ್ಪತ್ತನಾಲ್ಕು. ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮ. ಆಮೇಲೆ ಪಿ.ಯು.ಸಿ., ಐದು ವರ್ಷದ ಕಾನೂನು ಪದವಿ, ವಕೀಲರ ಪರಿಷತ್ತಿನ ಸನ್ನದು. ಈಗ ಒಂದು ವರ್ಷದಿಂದ ಇಲ್ಲಿನ ಹಿರಿಯ ವಕೀಲರೊಬ್ಬರ ಆಫೀಸಿನಲ್ಲಿ ಜೂನಿಯರು. ಹೆಸರು ಇಲ್ಲಿ ಬೇಡ. ಊರು ಸಣ್ಣದು, ಮನೆಯಲ್ಲಿ ಮದುವೆ ಮಾತೂ ನಡೆಯುತ್ತಿದೆ.

ಹುಡುಗಿ ಯಾರಿಗೂ ಹೇಳದೆ ಮೊಬೈಲಿನಲ್ಲೇ ಅರ್ಜಿ ಹಾಕಿದ್ದಳು. ಸೀಟು ಬಂದಾಗ ಮನೆಯಲ್ಲಿ ಮೊದಲು ಸಿಹಿ ಹಂಚಿದರು. ಕಾಗದದ ಎರಡನೇ ಪುಟ ಓದಿದ ಮೇಲೆ ಕೈ ನಿಂತಿತು. ಅಲ್ಲಿ ಎರಡು ಷರತ್ತು. ಒಂದು ದುಡ್ಡಿನದು, ಇನ್ನೊಂದು ಇಂಗ್ಲಿಷಿನದು.

ಮೂವತ್ತು ಸಾವಿರ, ರೂಪಾಯಿ ಅಲ್ಲ

ದುಡ್ಡಿನದು ಮೊದಲು ನೋಡೋಣ, ಅಂಗಡಿಯವರಿಗೆ ಅದು ಬೇಗ ಅರ್ಥವಾಗುತ್ತದೆ.

ಲಂಡನ್ನಿನ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದ ವಿದ್ಯಾರ್ಥಿಗೆ ಒಂದು ವರ್ಷದ ಎಲ್‌ಎಲ್.ಎಂ. ಫೀಸು ಮೂವತ್ತು ಸಾವಿರ ಪೌಂಡಿನ ಮೇಲೆಯೇ. ಪೌಂಡು ನೂರು ರೂಪಾಯಿ ದಾಟಿ ವರ್ಷಗಳಾದವು. ಅಂದರೆ ಬರೀ ಫೀಸೇ ಮೂವತ್ತು ಲಕ್ಷಕ್ಕೂ ಮೀರಿತು. ಅಮೆರಿಕದ ಹಾರ್ವರ್ಡ್, ಕೊಲಂಬಿಯಾದಂಥ ಕಡೆ ಫೀಸೇ ಎಪ್ಪತ್ತು ಸಾವಿರ ಡಾಲರಿಗೂ ಹೆಚ್ಚು. ಅದನ್ನು ರೂಪಾಯಿಗೆ ತಿರುಗಿಸಿ ನೋಡುವ ಕೆಲಸ ಓದುಗರಿಗೇ ಬಿಟ್ಟದ್ದು.

ಫೀಸು ಕಟ್ಟಿದರೆ ಮುಗಿಯಲಿಲ್ಲ. ವೀಸಾ ಬೇಕಾದರೆ ಅಲ್ಲಿ ಇದ್ದು ಉಣ್ಣುವಷ್ಟು ಹಣ ಇದೆ ಎಂದು ಬ್ರಿಟಿಷ್ ಸರ್ಕಾರಕ್ಕೆ ತೋರಿಸಬೇಕು. ಲಂಡನ್ನಿಗೆ ತಿಂಗಳಿಗೆ 1,400 ಪೌಂಡಿಗೂ ಮೇಲೆ, ಒಂಬತ್ತು ತಿಂಗಳ ಲೆಕ್ಕ. ಈ ಹಣ ಬ್ಯಾಂಕಿನಲ್ಲಿ ಸತತ 28 ದಿನ ಅಲುಗಾಡದೆ ಕೂತಿರಬೇಕು. ನಿನ್ನೆ ಭಾವಮೈದುನನ ಹತ್ತಿರ ಕೈಸಾಲ ತಂದು ಹಾಕಿ, ಇವತ್ತು ಪಾಸ್‌ಬುಕ್ ತೋರಿಸಿ, ನಾಳೆ ವಾಪಸು ಕೊಡುವ ನಮ್ಮೂರ ಆಟ ನಡೆಯುವುದಿಲ್ಲ! ಮೇಲೆ ವೀಸಾ ಶುಲ್ಕ, ವರ್ಷಕ್ಕೆ 776 ಪೌಂಡಿನ ಆರೋಗ್ಯ ತೆರಿಗೆ, ಕ್ಷಯ ಇಲ್ಲ ಎಂಬ ಎಕ್ಸ್‌ರೇ ಪರೀಕ್ಷೆ, ವಿಮಾನದ ಟಿಕೆಟ್ಟು, ಚಳಿಗೆ ಕೋಟು.

ಎಲ್ಲ ಕೂಡಿ ಐವತ್ತು ಲಕ್ಷದ ಅಂಚಿಗೆ ಬಂದು ನಿಲ್ಲುತ್ತದೆ. ಪೇಟೆಬೀದಿಯ ದಿನಸಿ ಅಂಗಡಿ ಬಾಡಿಗೆಯದು. ಮಾಲೀಕರ ಹೆಸರಲ್ಲಿ ಇರುವುದು ಊರಾಚೆಯ ಬಡಾವಣೆಯಲ್ಲಿ ಮೂವತ್ತು-ನಲವತ್ತರ ಒಂದು ಸೈಟು. ಇಪ್ಪತ್ತು ವರ್ಷ ಚೀಟಿ ಕಟ್ಟಿ ಕೊಂಡದ್ದು. ಸೈಟು ಒಂದು, ಮಕ್ಕಳು ಇಬ್ಬರು. ಚಿಕ್ಕವನು ಡಿಪ್ಲೊಮಾ ಓದುತ್ತಿದ್ದಾನೆ.

ಬ್ಯಾಂಕಿಗೆ ಹೋದರೆ ಮ್ಯಾನೇಜರು ಮರ್ಯಾದೆಯಿಂದಲೇ ಕೂರಿಸಿದರಂತೆ. ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಆಧಾರ ಬೇಡ. ಏಳೂವರೆ ಲಕ್ಷದವರೆಗೆ ಮೂರನೆಯವರ ಜಾಮೀನು ಸಾಕು. ಅದರ ಮೇಲೆ ಹೋದರೆ ಆಸ್ತಿ ಬರೆದುಕೊಡಬೇಕು. ಓದು ಮುಗಿದ ಮೇಲೆ ಒಂದು ವರ್ಷ ಬಿಡುವು, ಆಮೇಲೆ ಕಂತು ಶುರು.

ಕಂತು ಎಷ್ಟು? ಇಪ್ಪತ್ತೈದು ಲಕ್ಷ ಸಾಲ, ಬಡ್ಡಿ ಶೇಕಡ ಹತ್ತೂವರೆ, ಹತ್ತು ವರ್ಷ ಎಂದಿಟ್ಟುಕೊಂಡರೆ ತಿಂಗಳಿಗೆ 33,700 ರೂಪಾಯಿ ಚಿಲ್ಲರೆ. ಓದುವ ಕಾಲದಲ್ಲಿ ಏರಿದ ಬಡ್ಡಿ ಸೇರಿಸಿದರೆ ಇನ್ನೂ ಜಾಸ್ತಿ. ಮಂಡ್ಯದ ಕೋರ್ಟಿನಲ್ಲಿ ಜೂನಿಯರಿಗೆ ಹಿರಿಯರು ಕೊಡುವುದು ಮಧ್ಯಾಹ್ನದ ಊಟಕ್ಕೆ, ಪುಸ್ತಕಕ್ಕೆ ಆಗುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಪುಕ್ಕಟೆ, ಅದೊಂದು ಉಳಿತಾಯ. 33,700 ಎಲ್ಲಿಂದ ಬರಬೇಕು?

"ಅದ್ನೇ ನಾನೂ ಕೇಳಿದ್ದು" ಎಂದರು ಹುಡುಗಿಯ ದೊಡ್ಡಪ್ಪ. ಇವರು ಶುರುವಿನಿಂದಲೂ ವಿರೋಧ ಪಕ್ಷ. "ಓದ್ಲಿ, ಬ್ಯಾಡ ಅನ್ನಕಿಲ್ಲ. ಆದ್ರೆ ಆ ಸೈಟ್ನಾಗೆ ಹುಡುಗನ್ ಪಾಲೂ ಐತೆ."

ತಮ್ಮನನ್ನು ಕೇಳಿದರೆ, "ಅಕ್ಕ ಹೋಗ್ಲಿ" ಎಂದ. ಆಮೇಲೆ ಮಾತಾಡಲಿಲ್ಲ. ಮೂಟೆ ಎತ್ತಿಡಲು ಒಳಗೆ ಹೋದ.

ಬರವಣಿಗೆಯಲ್ಲಿ ಆರು

ಈಗ ಇಂಗ್ಲಿಷಿನ ಸಂಗತಿ.

ಐ.ಇ.ಎಲ್.ಟಿ.ಎಸ್. ಎಂಬ ಪರೀಕ್ಷೆ ಹೊರದೇಶಕ್ಕೆ ಹೋಗುವವರಿಗೆಲ್ಲ ಗೊತ್ತು. ಹದಿನೇಳು ಸಾವಿರದ ಮೇಲೆ ಫೀಸು ಕಟ್ಟಿ ಬರೆಯಬೇಕು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ, ಒಂಬತ್ತಕ್ಕೆ ಅಂಕ. ಸಾಮಾನ್ಯ ಕೋರ್ಸುಗಳಿಗೆ ಆರೂವರೆ ಬಂದರೆ ನಡೆಯುತ್ತದೆ. ಕಾನೂನಿಗೆ ಏಳು ಕೇಳುತ್ತಾರೆ, ಕೇಂಬ್ರಿಜ್‌ನಂಥ ಕಡೆ ಏಳೂವರೆ. ಮಾತಿನ ಮೇಲೇ ನಿಂತ ವೃತ್ತಿ ಅಲ್ಲವೇ! ಬಂದ ಅಂಕಕ್ಕೆ ಎರಡು ವರ್ಷ ಆಯುಸ್ಸು, ಆಮೇಲೆ ಮತ್ತೆ ಬರೆಯಬೇಕು.

ಹುಡುಗಿ ಬೆಂಗಳೂರಿಗೆ ಹೋಗಿ ಬರೆದು ಬಂದಳು. ಕೇಳುವುದರಲ್ಲಿ ಏಳೂವರೆ, ಓದುವುದರಲ್ಲಿ ಏಳು, ಮಾತಿನಲ್ಲಿ ಆರೂವರೆ, ಬರವಣಿಗೆಯಲ್ಲಿ ಆರು. ಸರಾಸರಿ ಆರು ಮುಕ್ಕಾಲು, ಅದನ್ನು ಏಳು ಎಂದೇ ಎಣಿಸುತ್ತಾರೆ. ಒಟ್ಟಿನಲ್ಲಿ ಪಾಸಾದಂತೆಯೇ. ಆದರೆ ಆ ಕಾಗದದ ಎರಡನೇ ಪುಟದಲ್ಲಿ, ಬರವಣಿಗೆಯಲ್ಲೂ ಏಳೇ ಇರಬೇಕು ಎಂದು ಬರೆದಿದೆ.

ಐದು ವರ್ಷ ಕಾನೂನು ಓದಿದ ಹುಡುಗಿಗೆ ಬರವಣಿಗೆಯಲ್ಲೇ ಕಡಮೆ ಹೇಗೆ ಬಂತು? ಇದಕ್ಕೆ ಉತ್ತರ ನಮ್ಮ ಪುಸ್ತಕದ ಅಂಗಡಿಗಳಲ್ಲಿದೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಗೈಡು ಕೊಳ್ಳುವುದು, ಹತ್ತು ಪ್ರಶ್ನೆ ಬಾಯಿಪಾಠ ಮಾಡುವುದು, ಅದನ್ನೇ ಕಕ್ಕುವುದು. ಐದು ವರ್ಷದಲ್ಲಿ ಒಮ್ಮೆಯೂ ಸ್ವಂತ ವಾಕ್ಯದಲ್ಲಿ ಒಂದು ಪುಟ ಬರೆಯದೆ ಪದವಿ ಪಡೆಯಬಹುದು, ಪಡೆದವರು ಬೇಕಾದಷ್ಟಿದ್ದಾರೆ. ಆ ಪರೀಕ್ಷೆಯಲ್ಲಾದರೋ ಯಾವುದೋ ಒಂದು ವಿಷಯ ಕೊಟ್ಟು, ನಿನ್ನ ಅಭಿಪ್ರಾಯವೇನು, ಕನಿಷ್ಠ 250 ಪದದಲ್ಲಿ ಬರೆ ಎನ್ನುತ್ತಾರೆ. ಗೈಡಿನಲ್ಲಿ ಇಲ್ಲದ್ದು ಅದೊಂದೇ. ನಿನ್ನ ಅಭಿಪ್ರಾಯ.

ಕನ್ನಡ ಮಾಧ್ಯಮದ್ದೇ ತಪ್ಪು ಎಂದು ಹೇಳುವವರೂ ಇದ್ದಾರೆ. ಅಂಗಡಿ ಮುಂದೆ ಈ ಬಗ್ಗೆ ಒಂದು ಸಂಜೆ ಜಗಳವೇ ಆಯಿತು. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಅದೇ ಬರವಣಿಗೆಯಲ್ಲಿ ಅದೇ ಆರು ತಂದವರೂ ಇದೇ ಊರಿನಲ್ಲಿ ಸಿಗುತ್ತಾರೆ. ಮಾತಾಡಲು ಬರುವುದೇ ಬೇರೆ, ವಾದ ಕಟ್ಟಿ ಬರೆಯುವುದೇ ಬೇರೆ.

ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ಕೋರ್ಟಿನ ಮಾತು ನಮ್ಮದೇ ಎಂದುಕೊಂಡಿದ್ದೇವೆ. ವಕೀಲ, ಜಾಮೀನು, ಅರ್ಜಿ, ದಾವೆ, ಜಪ್ತಿ, ತಕರಾರು, ಎಲ್ಲ ಪಾರಸಿ-ಅರಬ್ಬಿ ಕಡೆಯಿಂದ ಬಂದ ಮಾತುಗಳು. ಇಂಗ್ಲಿಷರ ಕಥೆಯೂ ಹಾಗೇ. ಇಂಗ್ಲೆಂಡಿನ ಕೋರ್ಟುಗಳಲ್ಲಿ ಒಂದು ಕಾಲಕ್ಕೆ ವಾದ ಫ್ರೆಂಚಿನಲ್ಲಿ, ದಾಖಲೆ ಲ್ಯಾಟಿನ್ನಿನಲ್ಲಿ. ಜನಕ್ಕೆ ಅರ್ಥವಾಗುವುದಿಲ್ಲ ಎಂದು 1362ರಲ್ಲಿ ಕಾನೂನು ಮಾಡಿ ವಾದವನ್ನು ಇಂಗ್ಲಿಷಿಗೆ ತಂದರು. ದಾಖಲೆಗಳೆಲ್ಲ ಇಂಗ್ಲಿಷಾಗಲು 1733 ಆಗಬೇಕಾಯಿತು. ಅಡವಿಗೆ ಅವರು ಹೇಳುವ 'ಮಾರ್ಟ್‌ಗೇಜ್' ಎಂಬ ಪದವೂ ಫ್ರೆಂಚಿನದೇ, ಸತ್ತ ಒತ್ತೆ ಎಂದರ್ಥ. ಸೈಟು ಅಡವಿಡಲು ಹೊರಟವರಿಗೆ ಇದು ಶುಭ ಶಕುನವೇನಲ್ಲ ಬಿಡಿ.

ಹೋಗಿ ಬಂದವರು ಏನಂತಾರೆ?

ಮದ್ದೂರು ತಾಲ್ಲೂಕಿನ ಒಬ್ಬರು 2018ರಲ್ಲಿ ಲಂಡನ್ನಿಗೆ ಹೋಗಿ ಎಲ್‌ಎಲ್.ಎಂ. ಮುಗಿಸಿ ಬಂದಿದ್ದಾರೆ. ಈಗ ಬೆಂಗಳೂರಿನಲ್ಲಿ ಹೈಕೋರ್ಟ್ ವಕೀಲರು, ಭಾನುವಾರ ಊರಿಗೆ ಬರುತ್ತಾರೆ. ಅಂಗಡಿಯವರು ಅವರನ್ನು ಹುಡುಕಿಕೊಂಡು ಮಗಳನ್ನೂ ಕರೆದುಕೊಂಡು ಹೋದರು.

"ಮೊದಲನೇ ವಾರ ಅತ್ತುಬಿಟ್ಟಿದ್ದೆ ಕಣಮ್ಮ" ಎಂದೇ ಅವರು ಶುರು ಮಾಡಿದರು. ಒಂದು ಕ್ಲಾಸಿಗೆ ಎಂಬತ್ತು, ನೂರು ಪುಟ ಓದಿಕೊಂಡು ಹೋಗಬೇಕು. ಮೇಷ್ಟ್ರು ನೋಟ್ಸು ಕೊಡುವುದಿಲ್ಲ. ಹತ್ತು ಹದಿನೈದು ಜನ ಮೇಜಿನ ಸುತ್ತ ಕೂತಿರುತ್ತಾರೆ. ಒಬ್ಬ ಬ್ರೆಜಿಲಿನವನು, ಒಬ್ಬಳು ಚೀನಾದವಳು, ಒಬ್ಬ ನೈಜೀರಿಯದ ವಕೀಲ. ಮೇಷ್ಟ್ರು ಇವರ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: ಈ ತೀರ್ಪು ಸರಿಯೋ, ತಪ್ಪೋ?

"ತೀರ್ಪು ತಪ್ಪಿರಬಹುದು ಅಂತ ಅಲ್ಲಿವರೆಗೂ ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ತೀರ್ಪು ಅಂದ್ರೆ ಬಾಯಿಪಾಠ. ಇಂಗ್ಲಿಷು ಬರ್ತಿತ್ತು. ಹೇಳಕ್ಕೆ ಏನೂ ಇರಲಿಲ್ಲ."

ಎರಡನೇ ಏಟು ಬಿದ್ದದ್ದು ಪ್ರಬಂಧದಲ್ಲಿ. ಯಾರ ವಾಕ್ಯ ತಂದರೂ ಯಾವ ಪುಸ್ತಕ, ಯಾವ ಪುಟ ಎಂದು ಅಡಿಯಲ್ಲಿ ಬರೆಯಬೇಕು. ಚುಕ್ಕಿ, ಅಲ್ಪವಿರಾಮ ಎಲ್ಲಿರಬೇಕೆಂಬುದಕ್ಕೂ ಒಂದು ಪದ್ಧತಿ, ಇಂಗ್ಲೆಂಡಿನಲ್ಲಿ ಒಂದು, ಅಮೆರಿಕದಲ್ಲಿ ಇನ್ನೊಂದು. ಹೇಳದೆ ಎತ್ತಿ ಬರೆದರೆ ಕಳ್ಳತನ. ಕಂಪ್ಯೂಟರ್ ಹಿಡಿದುಕೊಡುತ್ತದೆ. ಇಲ್ಲಿ ಯಾವುದನ್ನು ಚೆನ್ನಾಗಿ ಓದಿದ್ದಾನೆ ಎಂದು ಹೊಗಳುತ್ತಾರೋ ಅಲ್ಲಿ ಅದಕ್ಕೇ ಹೊರಗೆ ಹಾಕುತ್ತಾರೆ. ಇವರ ಮೊದಲ ಪ್ರಬಂಧಕ್ಕೆ ಎಚ್ಚರಿಕೆ ಬಂತು. ಆಮೇಲೆ ಕಲಿತರು. ಮೊದಲು ವಾದವನ್ನು ಕನ್ನಡದಲ್ಲಿ ತಲೆಯೊಳಗೆ ಕಟ್ಟಿಕೊಂಡು, ಹೆಂಡತಿಗೆ ಫೋನಿನಲ್ಲಿ ಹೇಳುವರಂತೆ. ಆಕೆಗೆ ಅರ್ಥವಾದರೆ ಇಂಗ್ಲಿಷಿಗೆ ಇಳಿಸುವುದು.

ಆಗ ಬ್ರಿಟನ್ನಿನಲ್ಲಿ ಓದು ಮುಗಿದ ಮೇಲೆ ನಿಂತು ಕೆಲಸ ಹುಡುಕುವ ವೀಸಾ ಇರಲಿಲ್ಲ. 2012ರಲ್ಲಿ ನಿಲ್ಲಿಸಿದ್ದರು, ಮತ್ತೆ ಬಂದದ್ದು 2021ರ ಜುಲೈಯಲ್ಲಿ, ಎರಡು ವರ್ಷಕ್ಕೆ. 2027ರ ಜನವರಿಯಿಂದ ಹಾಕುವ ಅರ್ಜಿಗಳಿಗೆ ಅದನ್ನೂ ಹದಿನೆಂಟು ತಿಂಗಳಿಗೆ ಇಳಿಸಲು ಅಲ್ಲಿನ ಸರ್ಕಾರ 2025ರಲ್ಲಿ ತೀರ್ಮಾನಿಸಿತು. ಎಲ್‌ಎಲ್.ಎಂ.ನಂಥ ಕೋರ್ಸಿಗೆ ಹೋಗುವವರು ಗಂಡನನ್ನೋ ಹೆಂಡತಿಯನ್ನೋ ಜತೆಗೆ ಕರೆದೊಯ್ಯುವುದನ್ನೂ 2024ರ ಜನವರಿಯಿಂದ ನಿಲ್ಲಿಸಿದ್ದಾರೆ. ಮದುವೆ ಮಾಡಿಯೇ ಕಳಿಸೋಣ ಎಂದಿದ್ದ ಹುಡುಗಿಯ ಅಜ್ಜಿಗೆ ಈ ವಿಷಯ ತಿಳಿದು ಬಹಳ ಬೇಸರವಾಯಿತು.

ಹಾಗಾದರೆ ಹೋಗಿದ್ದು ದಂಡವೇ? ಹೈಕೋರ್ಟ್ ವಕೀಲರು ಹಾಗೆ ಹೇಳಲಿಲ್ಲ. "ಸಾಲ ಇನ್ನೂ ತೀರಿಲ್ಲ. ಆದ್ರೆ ಒಂದು ತೀರ್ಪು ಕೈಗೆ ಬಂದರೆ ಎಲ್ಲಿ ಟೊಳ್ಳಿದೆ ಅಂತ ಈಗ ಕಾಣುತ್ತೆ. ಅದಕ್ಕೆ ಕಕ್ಷಿದಾರರು ದುಡ್ಡು ಕೊಡ್ತಾರೆ." ಮತ್ತೂ ಒಂದು ಹೇಳಿದರು. ಮಂಡ್ಯದ ಕೋರ್ಟಿನಲ್ಲಿ ಸಾಕ್ಷಿ ಕನ್ನಡದಲ್ಲಿ ಹೇಳಿದ್ದು ಹೈಕೋರ್ಟಿಗೆ ಹೋಗುವಾಗ ಇಂಗ್ಲಿಷಾಗಬೇಕು. ಹೈಕೋರ್ಟಿನ ಭಾಷೆ ಇಂಗ್ಲಿಷ್ ಎಂದು ಸಂವಿಧಾನದ 348ನೇ ವಿಧಿಯಲ್ಲೇ ಇದೆ. ಎರಡೂ ಭಾಷೆ ಗಟ್ಟಿಯಾಗಿ ಬಲ್ಲವನು ಅಲ್ಲಿ ಗೆಲ್ಲುತ್ತಾನೆ. "ಕನ್ನಡ ಬಿಡಬೇಡಮ್ಮ" ಎಂದರು.

ಪದವಿ ಬಂತು, ಸನ್ನದು ಬರಲ್ಲ

ಈ ಪದವಿಯ ಬಗ್ಗೆ ಅಂಗಡಿ ಮುಂದೆ ಇರುವ ತಪ್ಪು ತಿಳಿವಳಿಕೆಗಳು ಒಂದೆರಡಲ್ಲ. "ಲಂಡನ್ನಿಗೆ ಹೋದರೆ ಬ್ಯಾರಿಸ್ಟರು" ಎನ್ನುವವರು ಇನ್ನೂ ಇದ್ದಾರೆ. ಗಾಂಧೀಜಿ 1888ರಲ್ಲಿ ಹೋಗಿ 1891ರಲ್ಲಿ ಬ್ಯಾರಿಸ್ಟರಾದರು ನಿಜ, ಆದರೆ ಅದು ಇನ್ನರ್ ಟೆಂಪಲ್ ಎಂಬ ವಕೀಲರ ಸಂಘದ ದಾರಿ, ವಿಶ್ವವಿದ್ಯಾಲಯದ್ದಲ್ಲ. ಎಲ್‌ಎಲ್.ಎಂ. ಬರೀ ಓದಿನ ಪದವಿ. ಅದರಿಂದ ಇಂಗ್ಲೆಂಡಿನಲ್ಲಿ ವಕೀಲಿಕೆ ಮಾಡುವಂತಿಲ್ಲ. ಸಾಲಿಸಿಟರ್ ಆಗಬೇಕಾದರೆ 2021ರಿಂದ ಬೇರೆಯೇ ಪರೀಕ್ಷೆ ಇದೆ. ಆಕ್ಸ್‌ಫರ್ಡಿನಲ್ಲಂತೂ ಎಲ್‌ಎಲ್.ಎಂ. ಎಂಬ ಹೆಸರೇ ಇಲ್ಲ. ಅಲ್ಲಿ ಬಿ.ಸಿ.ಎಲ್. ಹೆಸರು ಬ್ಯಾಚಲರ್, ಓದು ಸ್ನಾತಕೋತ್ತರ!

ಇಲ್ಲಿಗೆ ಬಂದು ಕಾಲೇಜಿನಲ್ಲಿ ಪಾಠ ಹೇಳೋಣ ಎಂದರೆ ಅದಕ್ಕೂ ತೊಡಕು. ಹೊರದೇಶದ ಒಂದು ವರ್ಷದ ಎಲ್‌ಎಲ್.ಎಂ. ಇಲ್ಲಿನದಕ್ಕೆ ಸಮ ಅಲ್ಲ, ಬಂದ ಮೇಲೆ ಒಂದು ವರ್ಷ ಬೋಧನೆಯ ಅನುಭವವೂ ಸೇರಬೇಕು ಎಂದು ಭಾರತೀಯ ವಕೀಲರ ಪರಿಷತ್ತು 2020ರ ನಿಯಮಗಳಲ್ಲಿ ಬರೆಯಿತು. ಆ ನಿಯಮಗಳನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೂ ಹೋದರು. ಜಡ್ಜ್ ಆಗುತ್ತೇನೆ ಎಂದರೆ, ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷ ವಕೀಲಿಕೆ ಬೇಕು ಎಂದು ಸುಪ್ರೀಂ ಕೋರ್ಟು 2025ರ ಮೇ 20ರಂದು ತೀರ್ಪು ಕೊಟ್ಟಿತು. ಹುಡುಗಿಯ ಹಿರಿಯ ವಕೀಲರು ಎತ್ತಿ ತೋರಿಸಿದ್ದು ಇದನ್ನೇ. "ಈಗ ಒಂದು ವರ್ಷ ಆಗಿದೆ. ಇನ್ನೆರಡು ಮುಗಿಸಿಬಿಡು. ಆಮೇಲೆ ಲಂಡನ್ ಎಲ್ಲಿಗೂ ಓಡಿಹೋಗಲ್ಲ."

ಅವರ ಮಾತಿನಲ್ಲಿ ಇನ್ನೊಂದು ಲಾಭವೂ ಅಡಗಿತ್ತು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಫೀಸು, ಊಟ, ವಿಮಾನ ಎಲ್ಲ ಕೊಡುತ್ತದೆ. ಆದರೆ ಕೇಳುವವರಿಗೆ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಇರಬೇಕು. ಮುಗಿಸಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು. ಪರಿಶಿಷ್ಟರ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 125 ಜನಕ್ಕೆ, ಮನೆಯ ಆದಾಯ ಎಂಟು ಲಕ್ಷದೊಳಗೆ. ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯೂ ಇದೆ. ಈ ಕಾಗದಗಳು ತಾಲ್ಲೂಕು ಕಚೇರಿಯ ನೋಟೀಸು ಬೋರ್ಡಿನಲ್ಲಿ ಎಷ್ಟು ದಿನ ಇರುತ್ತವೆ, ಎಷ್ಟು ಜನ ಓದುತ್ತಾರೆ ಎಂಬುದು ಬೇರೆ ಮಾತು.

ಅಂಗಡಿಯವರಿಗೆ ಬೆಂಗಳೂರಿನ ಒಬ್ಬ ಏಜೆಂಟನೂ ಗಂಟುಬಿದ್ದಿದ್ದ. ಈ ವಿಶ್ವವಿದ್ಯಾಲಯ ಬಿಡಿ, ಬೇರೆ ಕಡೆ ಆರು ಅಂಕಕ್ಕೇ ಸೀಟು, ಫೀಸೂ ಅರ್ಧ ಎಂದ. ಇಂಥವರಿಗೆ ಎಷ್ಟೋ ಕಡೆ ವಿಶ್ವವಿದ್ಯಾಲಯಗಳಿಂದಲೇ ಕಮಿಷನ್ ಸಿಗುತ್ತದೆ ಎಂಬುದು ಅಂಗಡಿಯವರಿಗೆ ಹೇಳಿಕೊಡಬೇಕಾಗಿರಲಿಲ್ಲ. "ಯಾವ ಬ್ರಾಂಡ್ ಸೋಪು ಯಾಕೆ ಮುಂದೆ ಇಡ್ತೀವಿ ಅಂತ ನಮಗ್ ಗೊತ್ತಿಲ್ವ?" ಎಂದು ನಕ್ಕು ಕಳಿಸಿದರು.

ಸೋಮನಹಳ್ಳಿಯಿಂದ ಡಲ್ಲಾಸಿಗೆ

ಜಿಲ್ಲೆಗೆ ಇದೇನು ಹೊಸದಲ್ಲ. ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಬೆಂಗಳೂರಿನಲ್ಲಿ ಕಾನೂನು ಮುಗಿಸಿ ಅಮೆರಿಕಕ್ಕೆ ಹೋಗಿ, ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲೂ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೂ ಓದಿದವರು. ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಸಿಕ್ಕಿತ್ತು. ಬಂದು 1962ರಲ್ಲಿ ಮದ್ದೂರಿನಿಂದ ವಿಧಾನಸಭೆಗೆ ಗೆದ್ದರು, 1999ರಲ್ಲಿ ಮುಖ್ಯಮಂತ್ರಿಯಾದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಇದೇ ಅಂಗಡಿ ಬಾಗಿಲು ಹಾಕಿತ್ತು.

ಆದರೆ ಅಂಗಡಿ ಹುಡುಗಿ ಹೇಳುವುದು ಇನ್ನೊಬ್ಬರ ಹೆಸರು. ಅಂಬೇಡ್ಕರರು ಬರೋಡದ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಅಮೆರಿಕಕ್ಕೆ, 1916ರಲ್ಲಿ ಲಂಡನ್ನಿಗೆ ಹೋದರು. ವೇತನದ ಅವಧಿ ಮುಗಿದು 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ವಾಪಸು ಬರಬೇಕಾಯಿತು. ಬೊಂಬಾಯಿಯಲ್ಲಿ ಮೇಷ್ಟ್ರ ಕೆಲಸ ಮಾಡಿ ದುಡ್ಡು ಕೂಡಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಪಡೆದು 1920ರಲ್ಲಿ ಮತ್ತೆ ಹೋದರು. ಬ್ಯಾರಿಸ್ಟರಿಕೆಯನ್ನೂ ಡಾಕ್ಟರೇಟನ್ನೂ ಮುಗಿಸಿಯೇ ಬಂದರು.

"ಮೂರು ವರ್ಷ ಬಿಟ್ಟು ಹೋದ್ರಲ್ಲ ಅಪ್ಪಾಜಿ. ಸೀಟೇನೂ ಹಳಸಿ ಹೋಗಲಿಲ್ವಲ್ಲ" ಎಂದಳಂತೆ.

ಹಣ ಕಟ್ಟುವ ಕೊನೆಯ ದಿನಕ್ಕೆ ನಾಲ್ಕು ದಿನ ಇರುವಾಗ ಹುಡುಗಿ ತಾನೇ ವಿಶ್ವವಿದ್ಯಾಲಯಕ್ಕೆ ಪತ್ರ ಹಾಕಿದಳು. ಒಂದು ವರ್ಷ ಮುಂದಕ್ಕೆ ಹಾಕಿಕೊಡಿ ಎಂದು. ಆ ಪತ್ರವನ್ನು ಮೂರು ಸಲ ಬರೆದಳು, ಯಾರ ಕೈಲೂ ತಿದ್ದಿಸಲಿಲ್ಲ. ಎರಡು ವಾರಕ್ಕೆ ಉತ್ತರ ಬಂತು. ಸೀಟು ಒಂದು ವರ್ಷ ಇಟ್ಟುಕೊಂಡಿರುತ್ತಾರೆ, ಫೀಸು ಮಾತ್ರ ಹೊಸ ವರ್ಷದ ರೇಟು. ಅಷ್ಟರೊಳಗೆ ಬರವಣಿಗೆಯಲ್ಲಿ ಏಳು ತೋರಿಸಬೇಕು. ಅಷ್ಟರಲ್ಲಿ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕುವಷ್ಟು ಅನುಭವ ಆಗುತ್ತದೆ. ಸಿಗದಿದ್ದರೆ? "ಆಗ ಇನ್ನೊಂದ್ ವರ್ಷ ನೋಡೋದು. ಸೈಟ್ ಬೇಡ" ಎಂದಿದ್ದಾಳೆ.

ಅಪ್ಪನಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಊರಿಗೆಲ್ಲ ಹೇಳಿಯಾಗಿದೆ. ಕೇಳಿದವರಿಗೆಲ್ಲ "ಮುಂದಿನ್ ವರ್ಸ ಕಣಪ್ಪಾ" ಎನ್ನುತ್ತಾರೆ. ಸೈಟಿನ ಖಾತೆ ಪತ್ರ ಮತ್ತೆ ಬಿಸ್ಕತ್ತಿನ ಡಬ್ಬಕ್ಕೆ ಹೋಗಿದೆ, ಲಂಡನ್ನಿನ ಕಾಗದ ಗಲ್ಲಾದ ಮೇಲೆಯೇ ಇದೆ.

ರಾತ್ರಿ ಎಂಟೂವರೆಗೆ ಗಿರಾಕಿಗಳು ಕಡಮೆಯಾದ ಮೇಲೆ ಹುಡುಗಿ ಅಕ್ಕಿ ಮೂಟೆಗಳ ಪಕ್ಕದ ಸ್ಟೂಲಿನ ಮೇಲೆ ಕೂತು ಬಿಲ್ ಬುಕ್ಕಿನ ಹಿಂಬದಿಯಲ್ಲಿ ದಿನಕ್ಕೊಂದು ಪ್ರಬಂಧ ಬರೆಯುತ್ತಾಳೆ. ಇನ್ನೂರೈವತ್ತು ಪದ, ನಲವತ್ತು ನಿಮಿಷ. ಗಡಿಯಾರ ನೋಡುವ ಕೆಲಸ ಅಪ್ಪನದು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದವರು, ಈಗ ಮೇಲ್ವಿಚಾರಕರು. ಒಂದು ನಿಮಿಷವೂ ಹೆಚ್ಚಿಗೆ ಕೊಡುವುದಿಲ್ಲ.

"ಟೈಮಾಯ್ತು ಕಣವ್ವ, ಪೆನ್ನು ಮಡಗು" ಎಂದು ಷಟರು ಎಳೆಯುತ್ತಾರೆ.